ಪುಟ್ಟ ತಳಿಯ ನಾಯಿಗಳಲ್ಲಿ ಕುತ್ತಿಗೆ ಕೀಲಿನ ಅಸ್ಥಿರತೆ: ಮೊದಲ ಶಂಕೆಯಿಂದ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆಯವರೆಗೆ ಸಮಗ್ರ ಮಾರ್ಗದರ್ಶಿ

ನಾಯಿಯ ಕುತ್ತಿಗೆಯಲ್ಲಿ ಏಳು ಕಶೇರುಗಳಿವೆ. ತಲೆಬುರುಡೆಗೆ ಹೊಂದಿಕೊಂಡಿರುವ ಮೊದಲನೆಯದನ್ನು ಅಟ್ಲಾಸ್ ಎಂದೂ ಅದರ ಹಿಂದಿರುವುದನ್ನು ಆಕ್ಸಿಸ್ ಎಂದೂ ಕರೆಯುತ್ತಾರೆ. ಆಕ್ಸಿಸ್‌ನ ಮುಂತುದಿಯಿಂದ ಹೊರಟ ಹಲ್ಲಿನಾಕಾರದ ಮೂಳೆಯ ಚಾಚೊಂದು ಅಟ್ಲಾಸ್‌ನ ಒಳಗೆ ಸೇರಿಕೊಂಡಿದ್ದು, ಬೀಸುಕಲ್ಲಿನ ಮೇಲುಕಲ್ಲು ನಡುವಿನ ಗೂಟದ ಸುತ್ತ ತಿರುಗುವ ಹಾಗೆ ತಲೆಯೂ ಅಟ್ಲಾಸೂ ಒಟ್ಟಾಗಿ ಆ ಚಾಚಿನ ಸುತ್ತ ಎಡಕ್ಕೂ ಬಲಕ್ಕೂ ತಿರುಗುತ್ತವೆ. ಇವೆರಡು ಕಶೇರುಗಳ ನಡುವೆ ಡಿಸ್ಕ್ ಇರುವುದಿಲ್ಲ. ಆ ಚಾಚು ಮತ್ತು ಅದನ್ನು ಬಿಗಿದು ಹಿಡಿದಿರುವ ಕೆಲವು ಅಸ್ಥಿರಜ್ಜುಗಳೇ ಈ ಕೀಲಿನ ಭದ್ರತೆಗೆ ಆಧಾರ. ಚಾಚು ಹುಟ್ಟಿನಿಂದಲೇ ಇಲ್ಲದಿದ್ದರೆ, ಮೊಟಕಾಗಿದ್ದರೆ, ಮೇಲ್ಮುಖವಾಗಿ ಬಾಗಿದ್ದರೆ, ಅಥವಾ ಪೆಟ್ಟು ಬಿದ್ದು ಮುರಿದರೆ, ನಾಯಿ ತಲೆ ಬಗ್ಗಿಸಿದಾಗಲೆಲ್ಲ ಆಕ್ಸಿಸ್ ಮೇಲಕ್ಕೆದ್ದು ಬೆನ್ನುಹುರಿಯನ್ನು ಅದುಮುತ್ತದೆ. ಅಸ್ಥಿರಜ್ಜುಗಳು ಹರಿದಾಗಲೂ ಆಗುವುದು ಇದೇ. ಅಟ್ಲಾಸ್-ಆಕ್ಸಿಸ್ ಕೀಲಿನ ಈ ಅಸ್ಥಿರತೆ ನಾಯಿಗಳಲ್ಲಿ ಮೊದಲ ಬಾರಿಗೆ ವೈದ್ಯಕೀಯ ಸಾಹಿತ್ಯದಲ್ಲಿ ವಿವರವಾಗಿ ದಾಖಲಾದದ್ದು 1967ರಲ್ಲಿ.

ಯಾರ್ಕ್‌ಷೈರ್ ಟೆರಿಯರ್, ಚಿವಾವಾ, ಟಾಯ್ ಪೂಡಲ್, ಮಾಲ್ಟೀಸ್, ಪೀಕಿಂಗೀಸ್, ಟಾಯ್ ಪೊಮೆರೇನಿಯನ್ ಇವು ಈ ತೊಂದರೆಗೆ ಹೆಚ್ಚಾಗಿ ಗುರಿಯಾಗುವ ತಳಿಗಳು. ಲಕ್ಷಣಗಳು ಬಹುಪಾಲು ಎರಡು ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ನಮ್ಮ ಮನೆಗಳಲ್ಲಿ ಪಾಮ್ ಎಂದು ಸಾಕುವ, ಎಂಟು ಹತ್ತು ಕಿಲೋ ತೂಗುವ ಬಿಳಿ ನಾಯಿಗಳಲ್ಲಿ ಅನೇಕವು ಇಂಡಿಯನ್ ಸ್ಪಿಟ್ಜ್ ತಳಿಯವು; ಇಲ್ಲಿ ಹೇಳುತ್ತಿರುವುದು ಅಂಗೈ ಮೇಲೆ ಕೂರುವಷ್ಟು ಚಿಕ್ಕ ನಾಯಿಗಳ ಬಗ್ಗೆ. ಬೆಂಗಳೂರಿನಂತಹ ಊರುಗಳಲ್ಲಿ ಫ್ಲ್ಯಾಟ್‌ಗಳ ಜೀವನಕ್ಕೆ ಒಗ್ಗುವ ಇಂತಹ ನಾಯಿಗಳನ್ನು ಸಾಕುವವರು ಹೆಚ್ಚಿರುವುದರಿಂದ, ಈ ವಿಷಯವನ್ನು ಮಾಲೀಕರೇ ಅರಿತಿರುವುದು ಒಳ್ಳೆಯದು. ದೊಡ್ಡ ನಾಯಿಗಳಲ್ಲಿ, ಅದರಲ್ಲೂ ಡಾಬರ್‌ಮನ್ ಮತ್ತು ಗ್ರೇಟ್ ಡೇನ್‌ಗಳಲ್ಲಿ ಕುತ್ತಿಗೆಯ ಹಿಂಭಾಗದ ಕಶೇರುಗಳಿಗೆ ಬರುವ ವಾಬ್ಲರ್ ಎಂಬ ಕಾಯಿಲೆ ಬೇರೆಯೇ ಆಗಿದ್ದು, ಅದರ ಚಿಕಿತ್ಸೆಯ ದಾರಿಯೂ ಬೇರೆ.

ಮುಂದಿನ ಎಲ್ಲ ಹಂತಗಳಿಗೂ ಅನ್ವಯಿಸುವ ಮಾತೊಂದನ್ನು ಮೊದಲೇ ಹೇಳಿಬಿಡಬೇಕು. ಶಸ್ತ್ರಚಿಕಿತ್ಸೆಯಲ್ಲಿ ಹಾಕುವ ಪಿನ್ನು, ಸ್ಕ್ರೂ, ಸಿಮೆಂಟುಗಳು ಕೆಲವು ವಾರಗಳ ಮಟ್ಟಿಗೆ ಕೀಲನ್ನು ಅಲುಗದಂತೆ ಹಿಡಿಯುವ ಸಾಧನಗಳು ಮಾತ್ರ; ಎರಡು ಕಶೇರುಗಳ ಮೂಳೆ ಒಂದಕ್ಕೊಂದು ಬೆಸೆದುಕೊಂಡಾಗಲೇ ಚಿಕಿತ್ಸೆ ಮುಗಿದಂತೆ. ಆದ್ದರಿಂದ ಶಂಕೆ ಹುಟ್ಟಿದ ಕ್ಷಣದಿಂದ ಮೂಳೆ ಬೆಸೆಯುವ ದಿನದವರೆಗೆ ಆ ಕುತ್ತಿಗೆ ಬಾಗದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ, ಮತ್ತು ಅದರ ಬಹುಪಾಲು ಮಾಲೀಕರ ಕೈಯಲ್ಲಿರುತ್ತದೆ.

ಮೊದಲ ಹಂತ: ಲಕ್ಷಣಗಳನ್ನು ಗುರುತಿಸುವುದು

ನಾಯಿ ಕುತ್ತಿಗೆಯನ್ನು ಕಡ್ಡಿಯಂತೆ ನೇರವಾಗಿ ಹಿಡಿದುಕೊಂಡು, ಕರೆದಾಗ ತಲೆ ತಿರುಗಿಸದೆ ಕಣ್ಣನ್ನು ಮಾತ್ರ ಹೊರಳಿಸಿ ನೋಡುವುದು ಆರಂಭದ ಲಕ್ಷಣ. ನೆಲದ ಮೇಲಿಟ್ಟ ಬಟ್ಟಲಿನ ಬಳಿ ಹಸಿವಿನಿಂದಲೇ ಹೋಗಿ ನಿಲ್ಲುತ್ತದೆ, ಆದರೆ ತಲೆ ತಗ್ಗಿಸುವುದಿಲ್ಲ. ಅದೇ ಅನ್ನವನ್ನು ಕೈಯಲ್ಲಿ ಬಾಯಿಯ ಮಟ್ಟಕ್ಕೆ ಹಿಡಿದರೆ ತಿನ್ನುತ್ತದೆ. ಎತ್ತಿಕೊಳ್ಳುವಾಗ ಅಥವಾ ತಲೆ ಸವರುವಾಗ ಇದ್ದಕ್ಕಿದ್ದಂತೆ ಕಿರುಚುತ್ತದೆ. ನಂತರದ ದಿನಗಳಲ್ಲಿ ನಡಿಗೆ ತೂರಾಡತೊಡಗುತ್ತದೆ, ನುಣುಪಾದ ಟೈಲ್ಸ್ ನೆಲದ ಮೇಲೆ ನಾಲ್ಕು ಕಾಲೂ ಜಾರುತ್ತವೆ, ಪಾದದ ಮೇಲ್ಭಾಗ ನೆಲಕ್ಕೆ ಉಜ್ಜಿ ಉಗುರು ಸವೆದಿರುತ್ತದೆ. ತೀವ್ರವಾದಾಗ ನಾಲ್ಕೂ ಕಾಲುಗಳ ಶಕ್ತಿ ಹೋಗಿ ನಾಯಿ ಮಲಗಿದಲ್ಲೇ ಉಳಿಯುತ್ತದೆ. ಉಸಿರಾಟವನ್ನು ನಡೆಸುವ ನರಮಾರ್ಗಗಳೂ ಇದೇ ಭಾಗದ ಮೂಲಕ ಹಾದುಹೋಗುವುದರಿಂದ ಕೆಲವೊಮ್ಮೆ ಹಠಾತ್ತಾಗಿ ಸಾಯುವುದೂ ಉಂಟು.

ಈ ಲಕ್ಷಣಗಳು ಒಂದೇ ಸಲ ಬರಬೇಕೆಂದಿಲ್ಲ. ಸೋಫಾದಿಂದ ಹಾರಿದಾಗ ಒಮ್ಮೆ ಕಿರುಚಿ, ಎರಡು ದಿನ ಮಂಕಾಗಿದ್ದು, ಮತ್ತೆ ಸರಿಯಾದ ನಾಯಿ ಒಂದೆರಡು ತಿಂಗಳ ನಂತರ ಅದೇ ರೀತಿ ಮಾಡುತ್ತದೆ. ಮನೆಯವರು ಅದನ್ನು ಉಳುಕು ಎಂದುಕೊಳ್ಳುತ್ತಾರೆ. ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಜಾರುವ ತೊಂದರೆಯೂ ಸಾಮಾನ್ಯವಾದ್ದರಿಂದ ಕುಂಟುವಿಕೆಯನ್ನು ಅದರ ಮೇಲೆ ಹೊರಿಸುವುದು ಸುಲಭ. ಆದರೆ ಮಂಡಿಯ ತೊಂದರೆಯಿಂದ ಮುಂಗಾಲು ತಡವರಿಸುವುದಿಲ್ಲ. ಮುಂಗಾಲು ಹಿಂಗಾಲು ಎರಡೂ ದುರ್ಬಲವಾಗಿದ್ದರೆ ಕುತ್ತಿಗೆಯ ಬಗ್ಗೆ ಯೋಚಿಸಲೇಬೇಕು.

ಮಾಲೀಕರು ಖಂಡಿತ ಮಾಡಬಾರದ ಒಂದು ಪರೀಕ್ಷೆ ಇದೆ. ನೋವು ಎಲ್ಲಿದೆ ಎಂದು ತಿಳಿಯಲು ನಾಯಿಯ ಗಲ್ಲವನ್ನು ಎದೆಯ ಕಡೆಗೆ ಬಗ್ಗಿಸಿ ನೋಡಬಾರದು. ಅನುಭವಿ ಪಶುವೈದ್ಯರೂ ಪುಟ್ಟ ತಳಿಯ ಎಳೆಯ ನಾಯಿಯಲ್ಲಿ ಇದನ್ನು ಮಾಡುವುದಿಲ್ಲ.

ಎರಡನೇ ಹಂತ: ಆಸ್ಪತ್ರೆ ತಲುಪುವವರೆಗಿನ ಜಾಗ್ರತೆ

ಶಂಕೆ ಬಂದೊಡನೆ ಕೊರಳಪಟ್ಟಿಯನ್ನು ಬಿಚ್ಚಿ ತೆಗೆದಿಡಬೇಕು. ನಾಯಿಯನ್ನು ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಲಿ. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರಲಿ. ಗಟ್ಟಿ ತಳದ ಪೆಟ್ಟಿಗೆ ಅಥವಾ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಟವೆಲ್ ಹಾಸಿ, ನಾಯಿಯನ್ನು ಮಲಗಿಸಿ, ತಲೆಯ ಎರಡೂ ಬದಿಗೆ ಸುರುಳಿ ಮಾಡಿದ ಟವೆಲ್ ಒತ್ತಿಟ್ಟರೆ ದಾರಿಯಲ್ಲಿ ತಲೆ ಓಲಾಡುವುದು ತಪ್ಪುತ್ತದೆ. ಹಾಸಿಗೆಯ ದಿಂಬನ್ನು ತಲೆಯ ಕೆಳಗೆ ಇಡಬಾರದು, ಏಕೆಂದರೆ ಅದು ಕುತ್ತಿಗೆಯನ್ನು ಮುಂದಕ್ಕೆ ಬಾಗಿಸುತ್ತದೆ. ಕಲಬುರಗಿಯಿಂದಲೋ ಹುಬ್ಬಳ್ಳಿಯಿಂದಲೋ ಸ್ಕ್ಯಾನ್‌ಗೆಂದು ಬೆಂಗಳೂರಿಗೆ ಹೊರಡುವವರು ಮೊದಲು ಹತ್ತಿರದ ಪಶುವೈದ್ಯರ ಬಳಿ ತಾತ್ಕಾಲಿಕ ಕುತ್ತಿಗೆ ಆಧಾರವನ್ನು ಕಟ್ಟಿಸಿಕೊಂಡು ಹೊರಡುವುದು ಲೇಸು. ಹಂಪುಗಳಲ್ಲಿ ಕಾರು ನಿಧಾನವಾಗಲಿ. ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಆಸೆ ಬೇಡ.

ಔಷಧದ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಮನುಷ್ಯರ ನೋವಿನ ಮಾತ್ರೆಗಳನ್ನು ಕೊಡಬಾರದು. ಐಬುಪ್ರೊಫೆನ್ ನಾಯಿಗೆ ವಿಷ, ಪ್ಯಾರಸಿಟಮಾಲ್ ಕೂಡ ಎರಡು ಕಿಲೋ ತೂಕದ ಜೀವಕ್ಕೆ ಸುಲಭವಾಗಿ ಮಿತಿಮೀರುತ್ತದೆ. ಇನ್ನೊಂದು, ಈಗಾಗಲೇ ಯಾರಾದರೂ ಸ್ಟೀರಾಯ್ಡ್ ಕೊಟ್ಟಿದ್ದರೆ ಅದರ ಹೆಸರು, ಪ್ರಮಾಣ, ಕೊಟ್ಟ ಸಮಯವನ್ನು ಬರೆದಿಟ್ಟುಕೊಳ್ಳಬೇಕು. ಸ್ಟೀರಾಯ್ಡ್ ಜೊತೆಗೆ ಮೆಲಾಕ್ಸಿಕ್ಯಾಮ್‌ನಂತಹ ಉರಿಯೂತ ನಿವಾರಕ ಸೇರಿದರೆ ಹೊಟ್ಟೆ ಮತ್ತು ಕರುಳಿನಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು. ಸ್ಟೀರಾಯ್ಡ್ ಚುಚ್ಚುಮದ್ದಿನ ಮರುದಿನ ನಾಯಿ ಲವಲವಿಕೆಯಿಂದ ಓಡಾಡುವುದನ್ನು ಕಂಡು ವಾಸಿಯಾಯಿತೆಂದು ತಿಳಿಯುವುದು ಈ ಕಾಯಿಲೆಯಲ್ಲಿ ಬಲು ಅಪಾಯಕಾರಿ. ಕೀಲು ಸಡಿಲವಾಗಿಯೇ ಇರುತ್ತದೆ, ಅದನ್ನು ಕಾಯುತ್ತಿದ್ದ ನೋವು ಮಾತ್ರ ಹೋಗಿರುತ್ತದೆ.

ಮೂರನೇ ಹಂತ: ರೋಗನಿರ್ಣಯ

ನಾಯಿಯನ್ನು ಪಕ್ಕಕ್ಕೆ ಮಲಗಿಸಿ ತೆಗೆದ ಸಾದಾ ಎಕ್ಸ್-ರೇಯಲ್ಲೇ ಬಹಳಷ್ಟು ತಿಳಿಯುತ್ತದೆ. ಅಟ್ಲಾಸ್‌ನ ಮೇಲ್ಕಮಾನು ಮತ್ತು ಆಕ್ಸಿಸ್‌ನ ಬೆನ್ನುಚಾಚು (ಹಲ್ಲಿನಾಕಾರದ ಚಾಚಲ್ಲ, ಬೆನ್ನಿನ ಕಡೆಗಿರುವ ಮೂಳೆಯ ಏಣು) ಸಾಮಾನ್ಯ ನಾಯಿಯಲ್ಲಿ ಒಂದರ ಮೇಲೊಂದು ಚಾಚಿಕೊಂಡಂತೆ ಹತ್ತಿರವಿರುತ್ತವೆ. ಅಸ್ಥಿರತೆ ಇದ್ದಾಗ ಅವುಗಳ ನಡುವೆ ಕಣ್ಣಿಗೆ ಹೊಡೆಯುವಷ್ಟು ಅಂತರ ಕಾಣುತ್ತದೆ. ನೇರ ಭಂಗಿಯ ಚಿತ್ರದಲ್ಲಿ ಸಂದೇಹ ಉಳಿದರೆ ಮಾತ್ರ ಅತ್ಯಲ್ಪವಾಗಿ ಬಾಗಿಸಿ ಇನ್ನೊಂದು ಚಿತ್ರ ತೆಗೆಯುವುದುಂಟು, ಅದೂ ತಜ್ಞರ ಕೈಯಲ್ಲಿ. ಅರಿವಳಿಕೆ ಕೊಟ್ಟ ನಾಯಿಯ ಸ್ನಾಯುಗಳು ಸಡಿಲಗೊಂಡು ಕೀಲಿನ ಕೊನೆಯ ರಕ್ಷಣೆಯೂ ತಪ್ಪಿರುತ್ತದೆಂಬುದನ್ನು ಎಕ್ಸ್-ರೇ ಕೋಣೆಯಲ್ಲಿ ನಾಯಿಯನ್ನು ಹಿಡಿಯುವ ಪ್ರತಿಯೊಬ್ಬರೂ ನೆನಪಿಡಬೇಕು.

ಶಸ್ತ್ರಚಿಕಿತ್ಸೆಗೆ ಹೊರಟರೆ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. ಚಾಚು ಇದೆಯೇ, ಮುರಿದಿದೆಯೇ, ಸ್ಕ್ರೂ ಕೂರಿಸಲು ಮೂಳೆ ಎಷ್ಟು ದಪ್ಪವಿದೆ, ಯಾವ ಕೋನದಲ್ಲಿ ರಂಧ್ರ ಕೊರೆದರೆ ಬೆನ್ನುಹುರಿಯ ಕಾಲುವೆಗೆ ಹೋಗುವುದಿಲ್ಲ ಎಂಬುದೆಲ್ಲ ಸ್ಪಷ್ಟವಾಗುವುದು ಅದರಲ್ಲೇ. ಎಂ.ಆರ್.ಐ. ಬೆನ್ನುಹುರಿಯ ಸ್ಥಿತಿಯನ್ನು ತೋರಿಸುತ್ತದೆ. ಜೊತೆಗೆ ಈ ತಳಿಗಳಲ್ಲಿ ಕಾಣುವ ಬೇರೆ ತೊಂದರೆಗಳನ್ನೂ, ಅಂದರೆ ಮಿದುಳಿನಲ್ಲಿ ನೀರು ತುಂಬುವುದು, ತಲೆಬುರುಡೆಯ ಹಿಂಭಾಗದ ವಿರೂಪ, ಬೆನ್ನುಹುರಿಯೊಳಗಿನ ದ್ರವದ ಗುಳ್ಳೆ, ಮಿದುಳಿನ ಉರಿಯೂತ ಇವುಗಳನ್ನೂ ಹೊರಗೆಡಹುತ್ತದೆ. ಕೀಲು ಸಡಿಲವಿದ್ದೂ ನಾಯಿಯ ಕಷ್ಟಕ್ಕೆ ನಿಜವಾದ ಕಾರಣ ಮಿದುಳಿನ ಉರಿಯೂತವೇ ಆಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಫಲವಿಲ್ಲ.

ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಡೆ ಗಮನವಿರಲಿ. ಯಾರ್ಕ್‌ಷೈರ್ ಮತ್ತು ಮಾಲ್ಟೀಸ್‌ಗಳಲ್ಲಿ ರಕ್ತ ಯಕೃತ್ತನ್ನು ಬಳಸಿಕೊಂಡು ಹೋಗುವ ಜನ್ಮಜಾತ ದೋಷ ಇರಬಹುದಾಗಿದ್ದು, ಅಂತಹ ನಾಯಿಗೆ ಅರಿವಳಿಕೆ ಹೆಚ್ಚು ಭಾರವಾಗುತ್ತದೆ. ಎದೆಯ ಎಕ್ಸ್-ರೇ, ಶ್ವಾಸನಾಳ ಕುಸಿದಿದೆಯೇ ಎಂಬ ಪರೀಕ್ಷೆ ಇವೂ ಮೊದಲೇ ಆಗಬೇಕು.

ನಾಲ್ಕನೇ ಹಂತ: ಶಸ್ತ್ರಚಿಕಿತ್ಸೆಯೋ, ಕಟ್ಟು ಹಾಕಿ ಕಾಯುವುದೋ

ನಡಿಗೆ ಕೆಟ್ಟಿದ್ದರೆ, ನೋವು ಮರುಕಳಿಸುತ್ತಿದ್ದರೆ, ಚಾಚು ಬೆನ್ನುಹುರಿಯನ್ನು ಒತ್ತುತ್ತಿದ್ದರೆ, ಅಥವಾ ಕಟ್ಟು ಹಾಕಿಯೂ ಸುಧಾರಿಸದಿದ್ದರೆ ಶಸ್ತ್ರಚಿಕಿತ್ಸೆ ಸೂಕ್ತ. ಹುಟ್ಟಿನಿಂದ ಚಾಚೇ ಇಲ್ಲದ ನಾಯಿಯಲ್ಲಿ ಕಟ್ಟು ತೆಗೆದ ಮೇಲೆ ಕೀಲನ್ನು ಹಿಡಿಯುವುದು ಗಾಯದ ಕಲೆಯಂತಹ ನಾರು ಮಾತ್ರವಾದ್ದರಿಂದ ಲಕ್ಷಣಗಳು ಮರಳುವ ಭಯ ಉಳಿದೇ ಇರುತ್ತದೆ.

ಇನ್ನೊಂದು ಕಡೆಯ ವಾದವೂ ಹುರುಳಿಲ್ಲದ್ದಲ್ಲ. ಆರು ತಿಂಗಳೊಳಗಿನ ಮರಿಯ ಮೂಳೆ ಮೆದುವಾಗಿದ್ದು ಸ್ಕ್ರೂ ಹಿಡಿತ ಕೊಡುವುದಿಲ್ಲ. ಒಂದು ಕಿಲೋ ತೂಕದ ನಾಯಿಯಲ್ಲಿ ಸ್ಕ್ರೂ ಕೂರಿಸಲು ಸಿಗುವ ಮೂಳೆಯ ಅಗಲ ಕೆಲವೇ ಮಿಲಿಮೀಟರ್. ಅಂತಹವುಗಳಿಗೆ, ಅಪಘಾತದಿಂದ ಚಾಚು ಮುರಿದೂ ನಡೆಯಬಲ್ಲ ಎಳೆಯ ನಾಯಿಗಳಿಗೆ, ಅರಿವಳಿಕೆ ತಾಳಲಾರದವುಗಳಿಗೆ ಕಟ್ಟು ಹಾಕುವುದೇ ಸರಿಯಾದ ಆಯ್ಕೆಯಾಗಬಹುದು. ಗಲ್ಲದ ಮುಂಭಾಗದಿಂದ ಎದೆಯ ನಡುವಿನವರೆಗೆ ಹತ್ತಿಯ ಮೆತ್ತೆ, ಅದರ ಮೇಲೆ ಫೈಬರ್‌ಗ್ಲಾಸ್ ಅಥವಾ ಪ್ಲಾಸ್ಟಿಕ್ ಹಲಗೆ ಇಟ್ಟು ಸುತ್ತುವ ಈ ಕಟ್ಟು ಸುಮಾರು ಎಂಟರಿಂದ ಹನ್ನೆರಡು ವಾರ ಇರಬೇಕಾಗುತ್ತದೆ. ಕುತ್ತಿಗೆಗೆ ಮಾತ್ರ ಸುತ್ತಿದ ಪಟ್ಟಿ ಏನೂ ಮಾಡದು. ತಲೆಯೂ ಎದೆಯೂ ಒಳಗೊಂಡರೆ ಮಾತ್ರ ಮೇಲಿನ ಕೀಲು ನಿಲ್ಲುತ್ತದೆ. ವಾರಕ್ಕೊಮ್ಮೆ ಕಟ್ಟನ್ನು ಪರೀಕ್ಷಿಸಬೇಕು. ಗಲ್ಲದ ಕೆಳಗೆ ಅನ್ನ, ಜೊಲ್ಲು ಸೇರಿ ಚರ್ಮ ಕೊಳೆಯುವುದು, ಕಿವಿಯ ಸೋಂಕು, ಕಣ್ಣಿನ ಹುಣ್ಣು, ಬಿಗಿಯಾದ ಕಟ್ಟಿನಿಂದ ನುಂಗಲಾಗದೆ ಆಹಾರ ಶ್ವಾಸಕೋಶಕ್ಕೆ ಹೋಗುವುದು ಇವೆಲ್ಲ ಕಟ್ಟಿನ ಕಷ್ಟಗಳು. ನಮ್ಮ ಬೇಸಿಗೆಯಲ್ಲಿ, ದಟ್ಟ ಕೂದಲಿನ ನಾಯಿಗೆ ಮೂರು ತಿಂಗಳು ಇದನ್ನು ಹೊರಿಸುವುದು ಮೇಲುನೋಟಕ್ಕೆ ಕಂಡಷ್ಟು ಸೌಮ್ಯವಾದ ಚಿಕಿತ್ಸೆಯಲ್ಲ.

ಶಸ್ತ್ರಚಿಕಿತ್ಸೆಯ ಫಲಿತಾಂಶ ಯಾವುದನ್ನು ಅವಲಂಬಿಸಿದೆ ಎಂಬುದು ಸಾಕಷ್ಟು ಸ್ಪಷ್ಟವಾಗಿದೆ. ಎರಡು ವರ್ಷದೊಳಗೆ ಲಕ್ಷಣ ಆರಂಭವಾದ, ಆರಂಭವಾಗಿ ಹೆಚ್ಚು ತಿಂಗಳು ಕಳೆಯದ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಇನ್ನೂ ನಡೆಯುತ್ತಿರುವ ನಾಯಿಗಳು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ. ನಾಲ್ಕೂ ಕಾಲು ಬಿದ್ದುಹೋಗಿ ಉಸಿರಾಟವೂ ತಡವರಿಸುತ್ತಿರುವ ನಾಯಿಗೆ ಅಪಾಯ ಬಹಳ ಹೆಚ್ಚು. ಶಸ್ತ್ರಚಿಕಿತ್ಸೆಯ ಸಮಯದಲ್ಲೋ ನಂತರದ ಮೊದಲ ಒಂದೆರಡು ದಿನಗಳಲ್ಲೋ ಸಾವು ಸಂಭವಿಸಬಹುದೆಂಬುದನ್ನು ವೈದ್ಯರು ಬಾಯಿಬಿಟ್ಟು ಹೇಳಬೇಕು, ಮಾಲೀಕರು ಕೇಳಿಸಿಕೊಳ್ಳಬೇಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು: ಇದೇ ಕೀಲಿನ ಶಸ್ತ್ರಚಿಕಿತ್ಸೆಯನ್ನು ತಾವು ಹಿಂದೆ ಮಾಡಿದ್ದೀರಾ, ಯಾವ ವಿಧಾನ, ವೆಂಟಿಲೇಟರ್ ಇದೆಯೇ, ರಾತ್ರಿ ನಾಯಿಯ ಬಳಿ ಯಾರಿರುತ್ತಾರೆ, ಅಂದಾಜು ವೆಚ್ಚದಲ್ಲಿ ನಂತರದ ಸ್ಕ್ಯಾನ್ ಮತ್ತು ತೀವ್ರ ನಿಗಾ ದಿನಗಳು ಸೇರಿವೆಯೇ, ಪಿನ್ನು ಸಡಿಲವಾದರೆ ಮುಂದೇನು. ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದ ಕಡೆ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸದಿರುವುದೇ ಮೇಲು. ಉಪಕರಣ ಸಾಲದೆಂದು ಸ್ಥಳೀಯ ವೈದ್ಯರು ಹೇಳಿದರೆ ಅದು ಅವರ ಪ್ರಾಮಾಣಿಕತೆ. ಪಶುವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳಿಗೆ, ನರಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರಿಗೆ ಅವರಿಂದಲೇ ಪತ್ರ ಬರೆಸಿಕೊಳ್ಳಬೇಕು.

ಐದನೇ ಹಂತ: ಅರಿವಳಿಕೆ

ದೊಡ್ಡ ನಾಯಿಗೆ ಹೇಳುವಂತೆ ರಾತ್ರಿಯಿಡೀ ಉಪವಾಸ ಎಂಬ ನಿಯಮ ಎರಡು ಕಿಲೋ ತೂಕದ ಮರಿಗೆ ಹೊಂದುವುದಿಲ್ಲ, ಏಕೆಂದರೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಉಪವಾಸದ ಅವಧಿಯನ್ನು ಅರಿವಳಿಕೆ ನೀಡುವವರೇ ಲೆಕ್ಕ ಹಾಕಿ ಹೇಳಬೇಕು, ಸಕ್ಕರೆಯನ್ನು ನಡುನಡುವೆ ಪರೀಕ್ಷಿಸಬೇಕು. ವಾಂತಿ ತರಿಸಬಹುದಾದ ಪೂರ್ವ ಔಷಧಗಳನ್ನು ಕೈಬಿಡುವುದು ವಾಡಿಕೆ. ಓಕರಿಕೆಯಲ್ಲಿ ಕುತ್ತಿಗೆ ಬಾಗುವುದನ್ನು ಯಾರೂ ತಡೆಯಲಾರರು. ಮೊದಲು ಕೆಲವು ನಿಮಿಷ ಮುಖವಾಡದ ಮೂಲಕ ಆಮ್ಲಜನಕ ಕೊಟ್ಟು, ನಿದ್ರೆ ಬಂದ ಮೇಲೆ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ನೇರವಾಗಿ ಹಿಡಿದಿರುವಾಗಲೇ ಶ್ವಾಸನಾಳಕ್ಕೆ ಕೊಳವೆ ಹಾಕಬೇಕು. ತಂತಿಯ ಸುರುಳಿ ಹುದುಗಿರುವ ಕೊಳವೆಯಾದರೆ ಮಡಚಿಕೊಂಡು ಉಸಿರು ಕಟ್ಟುವುದಿಲ್ಲ. ಹೊರಹೋಗುವ ಉಸಿರಿನ ಇಂಗಾಲದ ಡೈಆಕ್ಸೈಡ್, ರಕ್ತದೊತ್ತಡ, ಇ.ಸಿ.ಜಿ., ದೇಹದ ಉಷ್ಣತೆ ಇವುಗಳ ಮೇಲೆ ನಿರಂತರ ಕಣ್ಣಿರಬೇಕು. ಪುಟ್ಟ ದೇಹ ಬೇಗ ತಣ್ಣಗಾಗುವುದರಿಂದ ಬಿಸಿಗಾಳಿ ಹೊದಿಕೆ ಐಚ್ಛಿಕ ಸೌಕರ್ಯವಲ್ಲ.

ಆರನೇ ಹಂತ: ಶಸ್ತ್ರಚಿಕಿತ್ಸೆ

ಎರಡು ದಾರಿಗಳಿವೆ. ಹಳೆಯದು ಕುತ್ತಿಗೆಯ ಮೇಲ್ಭಾಗದಿಂದ ಹೋಗಿ, ಅಟ್ಲಾಸ್‌ನ ಕಮಾನಿನ ಕೆಳಗೆ ತಂತಿ ಅಥವಾ ಗಟ್ಟಿ ಹೊಲಿಗೆದಾರ ತೂರಿಸಿ ಆಕ್ಸಿಸ್‌ನ ಬೆನ್ನುಚಾಚಿಗೆ ಬಿಗಿಯುವ ವಿಧಾನ. ತಂತಿ ತೂರಿಸುವ ಜಾಗದಲ್ಲಿ ಬೆನ್ನುಹುರಿ ಕೂದಲೆಳೆಯಷ್ಟು ದೂರದಲ್ಲಿರುತ್ತದೆ. ತಂತಿ ಮೆದು ಮೂಳೆಯನ್ನು ಕತ್ತರಿಸಿಕೊಂಡು ಬರಬಹುದು. ಕೀಲಿನ ಮೇಲ್ಮೈಗಳನ್ನು ಕೆರೆದು ಮೂಳೆ ಬೆಸೆಯುವಂತೆ ಮಾಡಲು ಈ ದಾರಿಯಲ್ಲಿ ಅವಕಾಶವಿಲ್ಲ. ಆದ್ದರಿಂದ ಇಂದು ಬಹುಪಾಲು ಶಸ್ತ್ರಚಿಕಿತ್ಸಕರು ಆರಿಸಿಕೊಳ್ಳುವುದು ಗಂಟಲಿನ ಕಡೆಯಿಂದ ಹೋಗುವ ದಾರಿಯನ್ನು.

ಈ ವಿಧಾನದಲ್ಲಿ ನಾಯಿಯನ್ನು ಅಂಗಾತ ಮಲಗಿಸಿ, ಮುಂಗಾಲುಗಳನ್ನು ಹಿಂದಕ್ಕೆ ಕಟ್ಟಿ, ಕುತ್ತಿಗೆಯ ಕೆಳಗೆ ಮೆತ್ತೆ ಇಟ್ಟು ತುಸುವೇ ಹಿಂಬಾಗುವಂತೆ ಮಾಡಿ, ಮೇಲ್ದವಡೆಯನ್ನು ಮೇಜಿಗೆ ಅಂಟುಪಟ್ಟಿಯಿಂದ ಬಿಗಿಯಲಾಗುತ್ತದೆ. ಕುತ್ತಿಗೆ ಎಡಕ್ಕೋ ಬಲಕ್ಕೋ ತಿರುಚಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಲು ಇಲ್ಲಿ ವ್ಯಯಿಸುವ ಹತ್ತು ನಿಮಿಷ ಎಲ್ಲಕ್ಕಿಂತ ಮುಖ್ಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಮುಂದಿನ ಪ್ರತಿಯೊಂದು ರಂಧ್ರದ ಕೋನವೂ ಈ ನೇರಗೆರೆಯನ್ನು ನಂಬಿರುತ್ತದೆ. ಮೂಳೆಯ ಚೂರು ತೆಗೆದುಕೊಳ್ಳುವುದಕ್ಕಾಗಿ ಒಂದು ಭುಜದ ಕೂದಲನ್ನೂ ಬೋಳಿಸಿ ಶುದ್ಧಗೊಳಿಸಿರುತ್ತಾರೆ.

ಧ್ವನಿಪೆಟ್ಟಿಗೆಯ ಮಟ್ಟದಿಂದ ಎದೆಮೂಳೆಯ ಕಡೆಗೆ ಚರ್ಮ ಕೊಯ್ದು, ಗಂಟಲಿನ ಪಟ್ಟಿಸ್ನಾಯುಗಳನ್ನು ಕತ್ತರಿಸದೆ ಬೇರ್ಪಡಿಸಿ ಒಳಹೋಗಬೇಕು. ಶ್ವಾಸನಾಳ, ಅನ್ನನಾಳ, ಕುತ್ತಿಗೆಯ ಮುಖ್ಯ ರಕ್ತನಾಳಗಳು, ಧ್ವನಿಪೆಟ್ಟಿಗೆಯನ್ನು ನಡೆಸುವ ಸಣ್ಣ ನರ ಎಲ್ಲವೂ ಇದೇ ಇಕ್ಕಟ್ಟಿನಲ್ಲಿವೆ. ಅನ್ನನಾಳ ಎಡಕ್ಕೆ ವಾಲಿರುವುದರಿಂದ ಅನೇಕರು ನಡುಗೆರೆಗಿಂತ ತುಸು ಬಲಕ್ಕೆ ಸರಿದು ಹೋಗುತ್ತಾರೆ. ಈ ಅಂಗಗಳನ್ನು ಅಗಲಿಸಿ ಹಿಡಿಯುವ ಲೋಹದ ಸಲಕರಣೆಗಳಿಂದ ಗಂಟೆಗಟ್ಟಲೆ ಬಲವಾಗಿ ಸರಿಸಿಟ್ಟರೆ ಎಚ್ಚರವಾದ ಮೇಲೆ ನಾಯಿ ಕೆಮ್ಮುತ್ತದೆ, ಧ್ವನಿ ಒಡೆಯುತ್ತದೆ, ಕೆಲವೊಮ್ಮೆ ಧ್ವನಿಪೆಟ್ಟಿಗೆಯ ಪಾರ್ಶ್ವವಾಯುವಿನಿಂದ ಉಸಿರುಗಟ್ಟುತ್ತದೆ. ಒದ್ದೆ ಬಟ್ಟೆಯ ಮೇಲಿಂದ ಸಹಾಯಕರು ಬೆರಳಲ್ಲೇ ಮೃದುವಾಗಿ ಹಿಡಿಯುವುದು ಎಷ್ಟೋ ಪಾಲು ಸುರಕ್ಷಿತ.

ಅಟ್ಲಾಸ್‌ನ ತಳದಲ್ಲಿ ನಡುಗೆರೆಯ ಮೇಲೆ ಒಂದು ಗುಬುಟಿದೆ. ಸ್ನಾಯುವಿನ ಆಳದಲ್ಲಿ ಅದು ಬೆರಳ ತುದಿಗೆ ಸಾಸಿವೆಗಿಂತ ತುಸು ದೊಡ್ಡದಾಗಿ ತಾಕುತ್ತದೆ, ಮತ್ತು ಅದು ಸಿಕ್ಕಿದ ಮೇಲೆಯೇ ಶಸ್ತ್ರಚಿಕಿತ್ಸಕರಿಗೆ ದಿಕ್ಕು ತಿಳಿಯುವುದು. ಅದರ ಹಿಂದಿನ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಕೀಲಿನ ಪೊರೆಯನ್ನು ತೆರೆದರೆ ಎಡಬಲದ ಎರಡು ಕೀಲುಮೇಲ್ಮೈಗಳು ಬಿಳಿಯಾಗಿ ಹೊಳೆಯುತ್ತವೆ. ಆಕ್ಸಿಸನ್ನು ಹಿಂದಕ್ಕೂ ಗಂಟಲಿನ ಕಡೆಗೂ ಮೆಲ್ಲಗೆ ಎಳೆದು ಸ್ವಸ್ಥಾನಕ್ಕೆ ತರುವುದು ಮುಂದಿನ ಕೆಲಸ. ಈ ಎಳೆತದಲ್ಲಿ ಆಕ್ಸಿಸ್ ಬೆನ್ನುಹುರಿಯ ಕಡೆಗೆ ಒಂದಿಷ್ಟೂ ತಳ್ಳಲ್ಪಡಬಾರದು. ಚಾಚು ಮೇಲ್ಮುಖವಾಗಿ ಬಾಗಿದ್ದು ಕೀಲು ಸರಿಹೊಂದಿದ ಮೇಲೂ ಬೆನ್ನುಹುರಿಯನ್ನು ಒತ್ತುತ್ತದೆಂದು ಸ್ಕ್ಯಾನ್ ಹೇಳಿದರೆ ಮಾತ್ರ ಅದನ್ನು ತೆಗೆಯಲಾಗುತ್ತದೆ.

ಆಮೇಲೆ ಕೀಲಿನ ಮೃದ್ವಸ್ಥಿಯನ್ನು ಪೂರ್ತಿಯಾಗಿ ಕೆರೆದು ಕೆಳಗಿನ ಮೂಳೆಯಿಂದ ರಕ್ತ ಜಿನುಗುವಂತೆ ಮಾಡಿ, ಭುಜದ ಮೂಳೆಯಿಂದ ತೆಗೆದ ಮೆದುಮೂಳೆಯ ಚೂರುಗಳನ್ನು ತುಂಬುತ್ತಾರೆ. ಹೊರಗಿನಿಂದ ನೋಡುವವರಿಗೆ ಸ್ಕ್ರೂ ಹಾಕುವುದೇ ದೊಡ್ಡ ಕೆಲಸವೆನಿಸುತ್ತದೆ, ಆದರೆ ಮೂರು ತಿಂಗಳ ನಂತರ ಆ ಕುತ್ತಿಗೆಯನ್ನು ಹಿಡಿದಿರುವುದು ಈ ಕೆರೆತದ ಫಲವೇ. ಅವಸರದಲ್ಲಿ ಇದನ್ನು ಅರೆಬರೆ ಮಾಡಿದರೆ ಎಷ್ಟು ಗಟ್ಟಿ ಪಿನ್ನಾದರೂ ದಿನಕ್ಕೆ ಸಾವಿರ ಬಾರಿ ಅಲುಗಿ ಅಲುಗಿ ಒಂದು ದಿನ ಸಡಿಲವಾಗುತ್ತದೆ ಅಥವಾ ಮುರಿಯುತ್ತದೆ.

ಜೋಡಣೆಗೆ ಹಲವು ಪದ್ಧತಿಗಳಿವೆ. ಆಕ್ಸಿಸ್‌ನ ನಡುಭಾಗದಿಂದ ಹೊರಟು ಕೀಲನ್ನು ದಾಟಿ ಅಟ್ಲಾಸ್‌ನ ದಪ್ಪಭಾಗದೊಳಗೆ, ಮುಂದಕ್ಕೂ ಹೊರಕ್ಕೂ ಓರೆಯಾಗಿ ಸಾಗುವ ಎರಡು ಪಿನ್ನು ಅಥವಾ ಸ್ಕ್ರೂಗಳು ಎಲ್ಲಕ್ಕೂ ಮೂಲ. ಅಟ್ಲಾಸ್‌ನ ರೆಕ್ಕೆಯ ಮುಂಬದಿಯ ಕಚ್ಚನ್ನು ಗುರುತಾಗಿಟ್ಟುಕೊಂಡು ಅದರ ಒಳಮಗ್ಗುಲಿಗೆ ಗುರಿಯಿಡುತ್ತಾರೆ. ಎರಡು ಕಿಲೋ ನಾಯಿಗೆ 1.5 ಮಿಲಿಮೀಟರ್ ಸ್ಕ್ರೂವೇ ದಪ್ಪ ಎನಿಸುವ ಜಾಗ ಅದು. ಇವೆರಡನ್ನು ಮಾತ್ರ ನೆಚ್ಚದೆ, ಎರಡೂ ಕಶೇರುಗಳಿಗೆ ಇನ್ನೂ ಕೆಲವು ಪುಟ್ಟ ಪಿನ್ನು, ಸ್ಕ್ರೂಗಳನ್ನು ಕೂರಿಸಿ, ಅವುಗಳ ತಲೆಗಳನ್ನೆಲ್ಲ ಮೂಳೆ ಸಿಮೆಂಟಿನ ಉಂಡೆಯೊಂದರಲ್ಲಿ ಹುದುಗಿಸುವುದು ಇಂದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಸಿಮೆಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಆಗ ತಣ್ಣನೆಯ ಸಲೈನ್ ಸುರಿಯುತ್ತಲೇ ಇರಬೇಕು. ಉಂಡೆ ದಪ್ಪವಾದಷ್ಟೂ ಅನ್ನನಾಳ ಮತ್ತು ಶ್ವಾಸನಾಳವನ್ನು ಒತ್ತುವುದರಿಂದ ಕನಿಷ್ಠ ಪ್ರಮಾಣ ಸಾಕು. ಸಿಮೆಂಟಿನ ಬದಲು ಲಾಕಿಂಗ್ ಪ್ಲೇಟ್, ಅಂದರೆ ಸ್ಕ್ರೂಗಳ ತಲೆ ತನ್ನೊಳಗೇ ಬಿಗಿದುಕೊಳ್ಳುವ ಲೋಹದ ಪಟ್ಟಿ, ಬಳಸುವವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಆಯಾ ನಾಯಿಯ ಸಿ.ಟಿ. ಚಿತ್ರದಿಂದಲೇ 3ಡಿ ಮುದ್ರಣದ ಮಾರ್ಗದರ್ಶಿ ಅಚ್ಚು ತಯಾರಿಸಿ, ಅದನ್ನು ಮೂಳೆಯ ಮೇಲೆ ಕೂರಿಸಿ, ಅದರ ತೂತುಗಳ ಮೂಲಕವೇ ಕೊರೆಯುವ ಕ್ರಮ ಬಂದಿದ್ದು, ಇಷ್ಟು ಚಿಕ್ಕ ಮೂಳೆಗಳಲ್ಲಿ ಅದರ ಉಪಯೋಗ ದೊಡ್ಡದು.

ಗಾಯವನ್ನು ಪದರಪದರವಾಗಿ ಮುಚ್ಚಿದ ಮೇಲೆ, ನಾಯಿ ಎಚ್ಚರಗೊಳ್ಳುವ ಮುನ್ನ ಮತ್ತೊಮ್ಮೆ ಎಕ್ಸ್-ರೇ, ಸಾಧ್ಯವಾದರೆ ಸಿ.ಟಿ. ತೆಗೆಯಬೇಕು. ಒಂದು ಸ್ಕ್ರೂ ಬೆನ್ನುಹುರಿಯ ಕಾಲುವೆಗೆ ಇಣುಕಿರುವುದು ಆಗಲೇ ಗೊತ್ತಾದರೆ ತಕ್ಷಣ ಸರಿಪಡಿಸಬಹುದು.

ಏಳನೇ ಹಂತ: ಮೊದಲ ಮೂರು ದಿನ

ಈ ದಿನಗಳಲ್ಲಿ ಉಸಿರಾಟವೇ ಮುಖ್ಯ. ಗೊರಗೊರ ಸದ್ದು, ಒಸಡು ನೀಲಿಗಟ್ಟುವುದು, ಹೊಟ್ಟೆಯನ್ನು ಎಳೆದೆಳೆದು ಉಸಿರಾಡುವುದು ಕಂಡರೆ ವೈದ್ಯರು ಬಳಿಯಲ್ಲೇ ಇರಬೇಕು. ಅದಕ್ಕಾಗಿಯೇ ಈ ನಾಯಿಯನ್ನು ಅದೇ ಸಂಜೆ ಮನೆಗೆ ಕಳುಹಿಸುವುದಿಲ್ಲ. ಗಂಟಲು ಊದಿಕೊಂಡಿರುವುದರಿಂದ ಮೊದಲ ಆಹಾರವನ್ನು ಎದೆಯ ಮೇಲೆ ನೇರವಾಗಿ ಮಲಗಿಸಿ, ಮೆದುವಾದ ಸಣ್ಣ ಉಂಡೆಗಳಾಗಿ, ನುಂಗಿದ್ದನ್ನು ನೋಡಿಕೊಂಡು ಕೊಡಬೇಕು. ಸಿರಿಂಜಿನಿಂದ ನೀರನ್ನು ಬಾಯಿಗೆ ಚಿಮ್ಮಿಸಿದರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಏಳಲಾಗದ ನಾಯಿಯನ್ನು ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಖಾಲಿ ಮಾಡಿಸುವುದು ಶುಶ್ರೂಷಕರ ಕೆಲಸ. ಮೊದಲ ದಿನ ನಡಿಗೆ ಶಸ್ತ್ರಚಿಕಿತ್ಸೆಗೆ ಮುಂಚಿಗಿಂತ ತುಸು ಕೆಟ್ಟಂತೆ ಕಾಣಬಹುದು. ದಿನದಿಂದ ದಿನಕ್ಕೆ ಸುಧಾರಿಸುತ್ತಿದೆಯೇ ಎಂಬುದನ್ನು ನೋಡಬೇಕು.

ಎಂಟನೇ ಹಂತ: ಮನೆಯಲ್ಲಿ ಆರರಿಂದ ಎಂಟು ವಾರ

ನಾಯಿ ಎದ್ದು ನಿಂತು ತಿರುಗುವಷ್ಟು, ಆದರೆ ಓಡಲಾಗದಷ್ಟು ಜಾಗದ ಪಂಜರ ಬೇಕು. ತಳಕ್ಕೆ ಜಾರದ ರಬ್ಬರ್ ಹಾಸು ಹಾಕಬೇಕು. ಬಟ್ಟಲನ್ನು ಎದೆಯ ಎತ್ತರಕ್ಕೆ ಇಟ್ಟರೆ ತಲೆ ತಗ್ಗಿಸುವ ಪ್ರಮೇಯ ಬರುವುದಿಲ್ಲ. ಮಲಮೂತ್ರಕ್ಕೆ ಎತ್ತಿಕೊಂಡೇ ಹೊರಗೆ ಒಯ್ದು, ಎದೆಪಟ್ಟಿ ಹಾಕಿ, ನಾಲ್ಕು ಹೆಜ್ಜೆ ನಡೆಸಿ, ಎತ್ತಿಕೊಂಡೇ ಒಳಗೆ ತರಬೇಕು. ಸೋಫಾ, ಮಂಚ, ಮೆಟ್ಟಿಲು, ಚೆಂಡಾಟ, ಇನ್ನೊಂದು ನಾಯಿಯ ಜೊತೆ ಗುದ್ದಾಟ ಯಾವುದೂ ಇಲ್ಲ. ಎರಡನೆಯ ವಾರದ ಹೊತ್ತಿಗೆ ನೋವಿಲ್ಲದ ನಾಯಿ ಪಂಜರದೊಳಗೆ ಕುಣಿಯತೊಡಗುತ್ತದೆ, ಮನೆಯ ಹಿರಿಯರೊಬ್ಬರು ಕನಿಕರದಿಂದ ಬಾಗಿಲು ತೆರೆಯುತ್ತಾರೆ. ಪಿನ್ನುಗಳು ಸಡಿಲವಾಗುವುದು ಬಹುಮಟ್ಟಿಗೆ ಇಂತಹ ಸಂದರ್ಭಗಳಲ್ಲೇ. ಆದ್ದರಿಂದ ನಿಯಮವನ್ನು ಮನೆಯ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ ಮೊದಲ ದಿನವೇ ಹೇಳಿಡಬೇಕು. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಎಗರಿ ಬೊಗಳುವ ನಾಯಿಯಾದರೆ ಅಷ್ಟು ದಿನ ಗಂಟೆಯನ್ನೇ ನಿಲ್ಲಿಸಿಡಬಹುದು. ಈ ಅವಧಿಯಲ್ಲಿ ದೀಪಾವಳಿ ಬರುವುದಿದ್ದರೆ ಪಟಾಕಿಯ ಬೆದರಿಕೆಗೆ ಯಾವ ಶಾಂತಕ ಔಷಧ, ಎಷ್ಟು, ಯಾವಾಗ ಎಂಬುದನ್ನು ವೈದ್ಯರಿಂದ ಮುಂಚಿತವಾಗಿ ಬರೆಸಿಕೊಂಡಿರಬೇಕು.

ನೋವಿಗೆ ಗ್ಯಾಬಪೆಂಟಿನ್ ಬರೆದಿದ್ದರೆ ಮನುಷ್ಯರಿಗೆಂದು ತಯಾರಾದ ಸಿರಪ್ಪನ್ನು ಬಳಸುವ ಮುನ್ನ ಅದರಲ್ಲಿ ಜೈಲಿಟಾಲ್ ಎಂಬ ಸಿಹಿ ಸೇರಿದೆಯೇ ಎಂದು ಲೇಬಲ್ ನೋಡಬೇಕು; ಅದು ನಾಯಿಗೆ ವಿಷ. ಕಾಲುಗಳ ಕೀಲುಗಳನ್ನು ಮೆಲ್ಲಗೆ ಮಡಿಸಿ ಚಾಚುವ ವ್ಯಾಯಾಮ, ಆಸರೆ ಕೊಟ್ಟು ನಿಲ್ಲಿಸುವುದು ಬೇಗನೇ ಆರಂಭವಾಗಬಹುದು. ಕುತ್ತಿಗೆಗೆ ಮಾತ್ರ ಯಾವ ವ್ಯಾಯಾಮವೂ, ಎಣ್ಣೆ ತಿಕ್ಕುವುದೂ ಬೇಡ. ಶಸ್ತ್ರಚಿಕಿತ್ಸೆಯ ನಂತರವೂ ಕೆಲವರು ಕೆಲವು ವಾರ ಕುತ್ತಿಗೆಯ ಕಟ್ಟು ಹಾಕುತ್ತಾರೆ, ವಿಶೇಷವಾಗಿ ಮೂಳೆ ಎಳೆಯದಾಗಿದ್ದರೆ. ಅದು ಶಸ್ತ್ರಚಿಕಿತ್ಸಕರ ತೀರ್ಮಾನ.

ಇದ್ದಕ್ಕಿದ್ದಂತೆ ಕಿರುಚಿ ಮತ್ತೆ ಕುತ್ತಿಗೆ ಬಿಗಿಹಿಡಿದರೆ, ನೆಟ್ಟಗಾಗಿದ್ದ ನಡಿಗೆ ತಪ್ಪಿದರೆ, ತಿಂದ ಕೂಡಲೇ ಕೆಮ್ಮಿದರೆ, ಜ್ವರ ಬಂದರೆ, ಗಾಯದಿಂದ ರಸಿಕೆ ಸುರಿದರೆ ಮರುದಿನಕ್ಕೆ ಕಾಯುವಂತಿಲ್ಲ. ಪಿನ್ನು ಸರಿದಿದ್ದರೂ ನಾಯಿ ಇನ್ನೂ ನಡೆಯುತ್ತಿರುವಾಗ ಕೈಗೊಂಡ ಎರಡನೆಯ ಶಸ್ತ್ರಚಿಕಿತ್ಸೆ ಯಶಸ್ವಿಯಾಗುವ ಸಾಧ್ಯತೆ ಇದ್ದೇ ಇದೆ.

ಒಂಬತ್ತನೇ ಹಂತ: ಮೂಳೆ ಬೆಸೆದ ಮೇಲೆ

ಆರರಿಂದ ಎಂಟನೆಯ ವಾರದಲ್ಲಿ ಎಕ್ಸ್-ರೇ ತೆಗೆದು, ಪಿನ್ನುಗಳು ಕದಲಿಲ್ಲ, ಮೂಳೆ ಕೂಡುತ್ತಿದೆ ಎಂದು ಕಂಡ ಮೇಲೆ ಓಡಾಟವನ್ನು ವಾರವಾರಕ್ಕೆ ಹೆಚ್ಚಿಸಬೇಕು. ತೊಂದರೆ ಕೊಡದ ಪಿನ್ನು, ಸಿಮೆಂಟುಗಳನ್ನು ತೆಗೆಯುವುದಿಲ್ಲ. ತಲೆ ಎಡಬಲಕ್ಕೆ ತಿರುಗುವುದು ಸ್ವಲ್ಪ ಕಡಿಮೆಯಾದರೂ ಉಳಿದ ಕೀಲುಗಳ ಚಲನೆಯಿಂದ ನಾಯಿ ಹೊಂದಿಕೊಳ್ಳುತ್ತದೆ. ಮನೆಯವರಿಗೆ ಇದು ಗೊತ್ತಾಗುವುದೇ ಅಪರೂಪ. ಕೊರಳಪಟ್ಟಿಗೆ ಮಾತ್ರ ಜೀವನಪೂರ್ತಿ ವಿದಾಯ, ಹಗ್ಗವನ್ನು ಎದೆಪಟ್ಟಿಗೇ ಕಟ್ಟಬೇಕು. ಜನ್ಮಜಾತ ದೋಷವಿರುವ ನಾಯಿಯಿಂದ ಮರಿ ಮಾಡಿಸಬಾರದು. ಸಂತಾನಹರಣ ಚಿಕಿತ್ಸೆಗೆಂದೋ ಹಲ್ಲು ಶುಚಿಗೊಳಿಸಲೆಂದೋ ಮುಂದೆ ಎಂದಾದರೂ ಅರಿವಳಿಕೆ ಕೊಡಬೇಕಾಗಿ ಬಂದರೆ, ಶಸ್ತ್ರಚಿಕಿತ್ಸೆಯ ಎಕ್ಸ್-ರೇ ಪ್ರತಿಯನ್ನು ಆ ವೈದ್ಯರ ಕೈಗೆ ಕೊಟ್ಟು, ಕೊಳವೆ ಹಾಕುವ ಮುನ್ನವೇ ಕುತ್ತಿಗೆಯ ವಿಷಯ ತಿಳಿಸಬೇಕು.